ಜಗ್ಗದ ಪೆಡಲ್, ಬಿಡದ ಕಾಟರ್ ಪಿನ್: ಹಳೆಯ ಸೈಕಲ್ ಬಿಚ್ಚುವವರಿಗೆ

ಹಳೆಯ ಸೈಕಲ್ ಬಿಚ್ಚಲು ಕೂತರೆ ಮೊದಲ ಅರ್ಧ ಗಂಟೆ ಖುಷಿಯಾಗಿ ಸಾಗುತ್ತದೆ. ಮಡ್‌ಗಾರ್ಡಿನ ಸ್ಕ್ರೂ, ಚೈನ್ ಕವರ್, ಬೆಲ್ಲು, ಸ್ಟ್ಯಾಂಡು ಒಂದೊಂದಾಗಿ ನೆಲಕ್ಕೆ ಬರುತ್ತವೆ. ಆಮೇಲೆ ಯಾವುದೋ ಒಂದು ನಟ್ಟಿಗೆ ಸ್ಪ್ಯಾನರ್ ಹಾಕಿ ಒತ್ತುತ್ತೀರಿ. ಜಪ್ಪಯ್ಯ ಅಂದರೂ ಅದು ಅಲುಗುವುದಿಲ್ಲ. ಇನ್ನಷ್ಟು ಒತ್ತುತ್ತೀರಿ, ಕೊನೆಗೆ ಎದ್ದು ನಿಂತು ಕಾಲಲ್ಲಿ ತುಳಿಯುತ್ತೀರಿ. ಒಂದೋ ಸ್ಪ್ಯಾನರ್ ಜಾರಿ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಇಲ್ಲವೇ ‘ಟಕ್’ ಎಂದು ಏನೋ ಮುರಿದ ಸದ್ದು. ನನಗೆ ಮೊದಲ ಸಲ ಮುರಿದದ್ದು ಸೀಟ್ ಕ್ಲಾಂಪಿನ ಬೋಲ್ಟು. ಅದನ್ನು ಒಂದು ರಾತ್ರಿ ಎಣ್ಣೆಯಲ್ಲಿ ನೆನೆಯಲು ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲವಾದ್ದರಿಂದ ಇಡೀ ಭಾನುವಾರ ಡ್ರಿಲ್ ಹಿಡಿದು ಕೂರಬೇಕಾಯಿತು.

ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾವ ಭಾಗ ಬಿಡದಿದ್ದರೂ ಸ್ಪ್ಯಾನರ್ ಕೆಳಗಿಟ್ಟು ‘ಇದನ್ನು ಹಿಡಿದುಕೊಂಡಿರುವುದು ಯಾವುದು’ ಎಂದು ಕೇಳಿಕೊಳ್ಳುತ್ತೇನೆ. ಸೈಕಲ್ಲಿನಲ್ಲಿ ಹಿಡಿತಕ್ಕೆ ಇರುವ ಕಾರಣಗಳು ನಾಲ್ಕೇ ನಾಲ್ಕು. ತುಕ್ಕು ಕಚ್ಚಿರುತ್ತದೆ, ಬೆಣೆ ಬಿಗಿದಿರುತ್ತದೆ, ಸವಾರಿಯೇ ಥ್ರೆಡ್ಡನ್ನು ಬಿಗಿ ಮಾಡಿರುತ್ತದೆ, ಅಥವಾ ನೀವು ತಪ್ಪು ದಿಕ್ಕಿಗೆ ತಿರುಗಿಸುತ್ತಿರುತ್ತೀರಿ. ಒಂದೊಂದಕ್ಕೂ ಮದ್ದು ಬೇರೆ. ತುಕ್ಕಿಗೆ ಬಲ ಹಾಕಿದರೆ ಮುರಿಯುತ್ತದೆ, ಬೆಣೆಗೆ ಎಣ್ಣೆ ಹಾಕಿದರೆ ಏನೂ ಆಗುವುದಿಲ್ಲ, ತಪ್ಪು ದಿಕ್ಕಿಗಂತೂ ಯಾವ ಮದ್ದೂ ನಾಟುವುದಿಲ್ಲ.

ತುಕ್ಕು ಹೇಗೆ ಕಚ್ಚುತ್ತದೆ

ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ. ಎಷ್ಟು ಕಬ್ಬಿಣ ತಿಂದಿತೋ ಅದಕ್ಕಿಂತ ಕಡೇಪಕ್ಷ ಎರಡು ಪಟ್ಟು ಜಾಗವನ್ನು ತುಕ್ಕು ಬೇಡುತ್ತದೆ. ಬಯಲಲ್ಲಿದ್ದರೆ ಹಾಳೆಹಾಳೆಯಾಗಿ ಎದ್ದು ಉದುರುತ್ತದೆ. ಆದರೆ ನಟ್ಟು ಬೋಲ್ಟಿನ ಥ್ರೆಡ್ಡುಗಳ ನಡುವೆ ಹೋಗಲು ಜಾಗವಿಲ್ಲ, ಹಾಗಾಗಿ ಎರಡೂ ಕಡೆ ಒತ್ತಿ ಕೂರುತ್ತದೆ. ಹತ್ತು ವರ್ಷದ ಹಿಂದೆ ಬೆರಳಲ್ಲೇ ತಿರುಗಿಸಿ ಹಾಕಿದ್ದ ನಟ್ಟು ಈಗ ಬೆಸುಗೆ ಹಾಕಿದಂತೆ ಕೂತಿರುವುದು ಇದಕ್ಕೇ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕೆಂಪು ತುಕ್ಕು ಬರುವುದಿಲ್ಲ, ಬಿಳಿ ಪುಡಿ ಬರುತ್ತದೆ, ಅದೂ ಉಬ್ಬುತ್ತದೆ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪಿಲ್ಲರ್ (ಸೀಟನ್ನು ಹೊತ್ತು ನಿಲ್ಲುವ ಕೊಳವೆ) ಇಟ್ಟರೆ, ನಡುವೆ ಮಳೆನೀರೋ ಬೆವರೋ ಇಳಿದಾಗ ಅಲ್ಲೊಂದು ಸಣ್ಣ ಬ್ಯಾಟರಿ ತಯಾರಾಗುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು, ಇಷ್ಟೇ ಸಾಕು. ಆ ಜೋಡಿಯಲ್ಲಿ ಕರಗುವ ಪಾಲು ಅಲ್ಯೂಮಿನಿಯಮ್ಮಿನದು. ಕರಗಿದ್ದು ಬಿಳಿ ಗಾರೆಯಾಗಿ ಸುತ್ತಲೂ ಗಟ್ಟಿಯಾಗುತ್ತದೆ. ಹಳೆಯ ಸೈಕಲ್ಲಿನಲ್ಲಿ ಅತಿ ಹೆಚ್ಚು ಕಾಡುವ ಜಾಮ್ ಇದು. ಇದಕ್ಕೆ ಕೊನೆಯಲ್ಲಿ ಬರುತ್ತೇನೆ, ಬೇಕಾದಷ್ಟು ಹೇಳುವುದಿದೆ.

ತುಕ್ಕಿನ ಜಾಮಿಗೆ ಮೊದಲ ಮದ್ದು ಎಣ್ಣೆ, ಎರಡನೆಯದು ಸಮಯ. ಜಾಮ್ ಬಿಡಿಸಲೆಂದೇ ಬರುವ ಎಣ್ಣೆ ನೀರಿನಂತೆ ತೆಳ್ಳಗಿರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಕೂದಲಿಗಿಂತ ಸಣ್ಣ ಸಂದಿಯೂ ಅದನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸು, ಹೊಲಿಗೆ ಯಂತ್ರದ ಎಣ್ಣೆ, ಅಡುಗೆ ಎಣ್ಣೆ ಈ ಕೆಲಸಕ್ಕೆ ಆಗವು. ಬಹಳ ಮಂದಿ ಕೈ ಹಾಕುವುದು ಡಬ್ಲ್ಯುಡಿ-40ಕ್ಕೆ. ಅದು 1953ರಲ್ಲಿ ಹುಟ್ಟಿದ್ದು ನೀರನ್ನು ಓಡಿಸಿ ತುಕ್ಕು ತಡೆಯಲಿಕ್ಕೆ. ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳ ಅರ್ಥವೂ ನೀರು ಓಡಿಸುವುದು ಎಂದೇ, 40 ಎಂದರೆ ನಲವತ್ತನೆಯ ಪ್ರಯತ್ನದ ಪಾಕ. ಸಣ್ಣಪುಟ್ಟ ಜಾಮಿಗೆ ಅದು ಸಾಕು. ಹಟಮಾರಿ ಜಾಮಿಗೆ ತುಕ್ಕು ಸಡಿಲಿಸಲೆಂದೇ ಮಾಡಿದ ಎಣ್ಣೆ ಒಂದು ಡಬ್ಬಿ ಇರಲಿ.

ಎಣ್ಣೆ ಹಾಕುವ ಮುಂಚೆ ವೈರ್ ಬ್ರಷ್ಷಿನಿಂದ ಥ್ರೆಡ್ಡಿನ ಬಾಯಿ ಉಜ್ಜಿ. ಮಣ್ಣು, ಹಳೆಯ ಪೇಂಟು, ಒಣಗಿದ ಗ್ರೀಸು ಕೂತಿದ್ದರೆ ಎಣ್ಣೆ ಮೇಲೆಯೇ ಹರಿದುಹೋಗುತ್ತದೆ. ಎಣ್ಣೆ ಬಿಟ್ಟ ಮೇಲೆ ಸಣ್ಣ ಸುತ್ತಿಗೆಯಿಂದ ನಟ್ಟಿನ ಸುತ್ತ ಮೆಲ್ಲಗೆ ತಟ್ಟಿ. ಆ ನಡುಕಕ್ಕೆ ತುಕ್ಕಿನಲ್ಲಿ ಬಿರುಕು ಬಿಡುತ್ತದೆ, ಬಿರುಕಿನ ದಾರಿಯಲ್ಲಿ ಎಣ್ಣೆ ಇಳಿಯುತ್ತದೆ. ಸಂಜೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ ಒಂದು ಸಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಹುಟ್ಟಿದ್ದು ಸೈಕಲ್ ರಿಪೇರಿಯವರ ಬಾಯಲ್ಲೇ ಇರಬೇಕು ಅನಿಸುವುದು ಇಂಥ ಹೊತ್ತಿನಲ್ಲಿ.

ಬೆಳಗ್ಗೆ ಸ್ಪ್ಯಾನರ್ ಹಾಕಿದ ಕೂಡಲೇ ಬಿಚ್ಚುವ ಕಡೆಗೆ ಎಳೆಯಬೇಡಿ. ಮೊದಲು ಒಂದು ಎಳೆಯಷ್ಟು ಬಿಗಿ ಮಾಡಲು ನೋಡಿ. ವಿಚಿತ್ರ ಎನಿಸಬಹುದು, ಆದರೆ ತುಕ್ಕಿನ ಹಿಡಿತ ಮುರಿಯುವುದಕ್ಕೆ ಯಾವ ಕಡೆಗೆ ಅಲುಗಿದರೂ ಆದೀತು. ಅಲುಗಿತೋ, ಆಮೇಲೆ ಹಿಂದಕ್ಕೆ ಕಾಲು ಸುತ್ತು, ಮತ್ತೆ ಮುಂದಕ್ಕೆ, ಮತ್ತೆ ಎಣ್ಣೆ. ಹೀಗೆ ಹಿಂದೆ ಮುಂದೆ ಆಡಿಸುತ್ತ ಬಂದರೆ ತುಕ್ಕಿನ ಪುಡಿ ಎಣ್ಣೆಯ ಜೊತೆ ಹೊರಗೆ ಬರುತ್ತದೆ. ಒಂದೇ ಸಮನೆ ತಿರುಗಿಸಿಕೊಂಡು ಹೋದರೆ ಆ ಪುಡಿಯೇ ಮುಂದಿನ ಥ್ರೆಡ್ಡಿನಲ್ಲಿ ತುಂಬಿ, ಅರ್ಧ ಬಿಚ್ಚಿದ ನಟ್ಟು ಮತ್ತೆ ಕೂತುಬಿಡುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು

ಮೂಲೆ ಸವೆದ ನಟ್ಟುಗಳಲ್ಲಿ ಬಹುಪಾಲು ತುಕ್ಕಿನಿಂದ ಸವೆದದ್ದಲ್ಲ, ಅಳತೆ ತಪ್ಪಿದ ಸ್ಪ್ಯಾನರಿನಿಂದ. ತಿರುಪಿ ಅಗಲ ಮಾಡುವ ಸ್ಕ್ರೂ ಸ್ಪ್ಯಾನರ್ ಬಿಟ್ಟು ರಿಂಗ್ ಸ್ಪ್ಯಾನರ್ ತೆಗೆದುಕೊಳ್ಳಿ. ಒಳಗೆ ಹನ್ನೆರಡು ಮೂಲೆ ಇರುವ ರಿಂಗಿಗಿಂತ ಆರು ಮೂಲೆಯದು ಮೇಲು, ನಟ್ಟಿನ ಆರೂ ಮುಖಗಳನ್ನು ಒತ್ತಿ ಹಿಡಿಯುತ್ತದೆ. ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಅಲೆನ್ ಬೋಲ್ಟಾದರೆ ಆ ಗುಳಿಯೊಳಗಿನ ಮಣ್ಣನ್ನು ದಬ್ಬಳದಿಂದಲೋ ಹಳೆಯ ಸ್ಪೋಕಿನ ತುದಿಯಿಂದಲೋ ಕೆರೆದು ತೆಗೆಯಿರಿ. ಇದು ಸಣ್ಣ ಮಾತೆನಿಸಬಹುದು. ಆದರೆ ಗುಳಿಯ ತಳದಲ್ಲಿ ಎರಡು ಮಿಲಿಮೀಟರ್ ಮಣ್ಣು ಕೂತಿದ್ದರೆ ಕೀ ಅರ್ಧಕ್ಕೇ ನಿಲ್ಲುತ್ತದೆ, ಆ ಅರ್ಧವೇ ಜಾರುತ್ತದೆ.

ಉದ್ದದ ಹಿಡಿ ಯಾಕೆ ಬೇಕು ಅನ್ನುವುದಕ್ಕೆ ಒಂದು ಸರಳ ಲೆಕ್ಕ. 15 ಸೆಂ.ಮೀ. ಸ್ಪ್ಯಾನರಿನ ತುದಿಗೆ 20 ಕಿಲೋ ಭಾರ ಹಾಕಿದರೆ ನಟ್ಟಿಗೆ ಸುಮಾರು 30 ನ್ಯೂಟನ್-ಮೀಟರ್ ತಿರುಚು ಬಲ ಸಿಗುತ್ತದೆ. ಅದೇ ಭಾರ 60 ಸೆಂ.ಮೀ. ಪೈಪಿನ ತುದಿಗಾದರೆ ಸುಮಾರು 120. ಪೆಡಲ್ ಬಿಗಿಯುವುದೇ 35ರಿಂದ 40ಕ್ಕೆ, ಹಾಗಾಗಿ ಪೆಡಲ್ಲಿಗೂ ಫ್ರೀವೀಲಿಗೂ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ) ಪೈಪು ಧಾರಾಳವಾಗಿ ಹಾಕಿ. ಆದರೆ ಸೀಟ್ ಕ್ಲಾಂಪಿನದು, ಬ್ರೇಕಿನದು, ಕ್ಯಾರಿಯರಿನದು ಇಂಥ ಸಣಕಲು ಬೋಲ್ಟುಗಳಿಗೆ ಪೈಪು ಹಾಕಿದರೆ ಅವು ತಿರುಚಿಕೊಂಡು ಮುರಿಯುತ್ತವೆ. ನನ್ನ ಭಾನುವಾರ ಹೋದದ್ದು ಹಾಗೆಯೇ.

ಕೈ ಎಲ್ಲಿದೆ ನೋಡಿಕೊಳ್ಳಿ. ಜಾಮ್ ಬಿಡುವಾಗ ಹೇಳಿ ಕೇಳಿ ಬಿಡುವುದಿಲ್ಲ. ಒತ್ತುತ್ತಿರುವ ಮುಷ್ಟಿ ಹೋಗಿ ಬಡಿಯುವ ಜಾಗದಲ್ಲಿ ಚೈನ್ ಚಕ್ರದ ಹಲ್ಲುಗಳಿದ್ದರೆ ಗೆಣ್ಣಿನ ಚರ್ಮ ಅಲ್ಲೇ ಉಳಿಯುತ್ತದೆ. ಚೈನನ್ನು ಆ ಹಲ್ಲುಗಳ ಮೇಲೆಯೇ ಬಿಟ್ಟಿರಿ, ಅಥವಾ ಹಳೆಯ ಬಟ್ಟೆ ಸುತ್ತಿ. ಸುತ್ತಿಗೆ ಎತ್ತುವಾಗ ಕಣ್ಣಿಗೆ ಕನ್ನಡಕ ಇರಲಿ.

ಪೆಡಲ್: ದಿಕ್ಕಿನ ಜಗಳ

ಎಡಗಡೆಯ ಪೆಡಲ್ ಎಡ ಥ್ರೆಡ್ಡಿನದು. ಅಂದರೆ ಅದು ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ಕಡೆಗೆ. ಗೊತ್ತಿದ್ದವರಿಗೂ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮುಂದೆ ಕೂತಾಗ ತಲೆ ಗೊಂದಲವಾಗುತ್ತದೆ, ಅದರಲ್ಲೂ ಸೈಕಲ್ ತಲೆಕೆಳಗಾಗಿ ನಿಂತಿದ್ದರೆ. ನನ್ನ ಸೂತ್ರ ಹೀಗೆ: ಸೈಕಲ್ಲನ್ನು ಚಕ್ರದ ಮೇಲೆ ನಿಲ್ಲಿಸಿ, ಸ್ಪ್ಯಾನರನ್ನು ಪೆಡಲ್ ಅಕ್ಸೆಲಿಗೆ ಮೇಲ್ಮುಖವಾಗಿ ಹಾಕಿ, ಅದರ ತುದಿಯನ್ನು ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎಡ ಬಲ ಎರಡಕ್ಕೂ ಇದೇ. ಹಿಂದಕ್ಕೆ ಎಳೆದರೆ ಬಿಚ್ಚುತ್ತದೆ, ಮುಂದಕ್ಕೆ ತಳ್ಳಿದರೆ ಬಿಗಿಯುತ್ತದೆ.

ಯಾಕೆ ಹೀಗೊಂದು ತಲೆನೋವು ಇಟ್ಟರು? ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಎಡಗೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಪೆನ್ಸಿಲ್‌ಗಿಂತ ಸ್ವಲ್ಪ ದೊಡ್ಡ ಉಂಗುರ ಮಾಡಿ, ಅದರಲ್ಲಿ ಪೆನ್ಸಿಲ್ ಇಳಿಸಿ. ಈಗ ಬಲಗೈಯಿಂದ ಪೆನ್ಸಿಲ್ಲನ್ನು ಉಂಗುರದ ಒಳಮೈಗೆ ಒತ್ತಿಕೊಂಡೇ ಸುತ್ತಲೂ ಉರುಳಿಸಿ. ಒತ್ತಡ ಒಂದು ಕಡೆಗೆ ಸುತ್ತಿದರೆ ಪೆನ್ಸಿಲ್ ತನ್ನಷ್ಟಕ್ಕೆ ಇನ್ನೊಂದು ಕಡೆಗೆ ತಿರುಗುತ್ತದೆ. ಪೆಡಲ್ ಅಕ್ಸೆಲ್ ಆ ಪೆನ್ಸಿಲ್, ಕ್ರ್ಯಾಂಕಿನ ತೂತು ಆ ಉಂಗುರ. ಕಾಲಿನ ಭಾರ ಯಾವಾಗಲೂ ಕೆಳಕ್ಕೆ, ಕ್ರ್ಯಾಂಕು ಮಾತ್ರ ಸುತ್ತುತ್ತಿರುತ್ತದೆ, ಹಾಗಾಗಿ ತೂತಿನ ಲೆಕ್ಕದಲ್ಲಿ ಒತ್ತಡವೇ ಸುತ್ತು ಹಾಕುತ್ತಿರುತ್ತದೆ. ಎರಡೂ ಕಡೆ ಬಲ ಥ್ರೆಡ್ಡೇ ಇದ್ದರೆ ಎಡ ಪೆಡಲ್ ದಾರಿಯಲ್ಲಿ ತಾನೇ ಕಳಚಿಕೊಳ್ಳುತ್ತಿತ್ತು.

ಬಿಚ್ಚುವವರಿಗೆ ಇದರ ಇನ್ನೊಂದು ಮುಖ ಮುಖ್ಯ. ಈ ಉರುಳಾಟ ಪೆಡಲ್ಲನ್ನು ಸಡಿಲವಾಗಲು ಬಿಡುವುದಿಲ್ಲ ಅಷ್ಟೇ ಅಲ್ಲ, ಪ್ರತಿ ಸವಾರಿಯಲ್ಲೂ ಕೂದಲೆಳೆಯಷ್ಟು ಬಿಗಿ ಮಾಡುತ್ತ ಹೋಗುತ್ತದೆ. ಇಪ್ಪತ್ತು ವರ್ಷ ಓಡಿದ ಸೈಕಲ್ಲಿನ ಪೆಡಲ್ ಯಾರೂ ಕೈಯಲ್ಲಿ ಬಿಗಿದದ್ದಕ್ಕಿಂತ ಹೆಚ್ಚು ಬಿಗಿಯಾಗಿರುವುದು ಅದಕ್ಕೇ. ಇಲ್ಲಿ ಎಣ್ಣೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ಹಿಡಿಯ ಉದ್ದದ್ದು.

ಸರಿಯಾದ ನಿಲುವು ಹೀಗೆ. ಬಿಚ್ಚಬೇಕಾದ ಕಡೆಯ ಕ್ರ್ಯಾಂಕನ್ನು ಮುಂದಕ್ಕೆ ನೆಲಕ್ಕೆ ಸಮಾನಾಂತರವಾಗಿ ತನ್ನಿ. ಸಾಮಾನ್ಯವಾಗಿ 15 ಮಿ.ಮೀ. ಸ್ಪ್ಯಾನರ್ ಕೂರುತ್ತದೆ. ಅದರ ಹಿಡಿ ಕ್ರ್ಯಾಂಕಿನ ಜೊತೆಗೇ ಹಿಂದಕ್ಕೆ ಮಲಗಿರುವಂತೆ ಹಾಕಿ. ಸ್ಪ್ಯಾನರಿನ ತುದಿ ಈಗ ಹೆಚ್ಚುಕಡಿಮೆ ನಡುವಿನ ಅಕ್ಸೆಲಿನ ಹತ್ತಿರ ಬಂದಿರುತ್ತದೆ. ಅಲ್ಲಿ ಕೆಳಕ್ಕೆ ಒತ್ತಿ. ಒತ್ತುವ ಜಾಗ ಕ್ರ್ಯಾಂಕಿನ ಕೇಂದ್ರದ ಬಳಿಯೇ ಇರುವುದರಿಂದ ಕ್ರ್ಯಾಂಕು ತಿರುಗಿ ಓಡುವುದಿಲ್ಲ, ಬಲವೆಲ್ಲ ಥ್ರೆಡ್ಡಿಗೆ ಹೋಗುತ್ತದೆ. ಆಚೆ ಬದಿಯ ಕ್ರ್ಯಾಂಕನ್ನು ಇನ್ನೊಂದು ಕೈಯಲ್ಲಿ ಹಿಡಿದಿರಿ. ಮೆಲ್ಲಗೆ ಒತ್ತಿ ಒತ್ತಿ ಸುಸ್ತಾಗುವುದಕ್ಕಿಂತ ಸ್ಪ್ಯಾನರಿನ ತುದಿಗೆ ರಬ್ಬರ್ ಸುತ್ತಿಗೆಯಿಂದ ಒಂದು ಏಟು ಕೊಡುವುದು ಒಳ್ಳೆಯದು. ಕೆಲವು ಪೆಡಲ್ಲುಗಳಿಗೆ ಕ್ರ್ಯಾಂಕಿನ ಒಳಬದಿಯಿಂದ ಅಲೆನ್ ಕೀ ಹಾಕುವ ಗುಳಿ ಇರುತ್ತದೆ. ಅಲ್ಲಿಂದ ನೋಡುವಾಗ ದಿಕ್ಕು ಉಲ್ಟಾ ಕಾಣುತ್ತದೆ, ಎಚ್ಚರ.

ಕಾಟರ್ ಪಿನ್ನು

ಹಳೆಯ ಕಾಲದ ಗಟ್ಟಿಮುಟ್ಟು ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಅಕ್ಸೆಲಿಗೆ ಹಿಡಿಸಿರುವುದು ಕಾಟರ್ ಪಿನ್ನು. ಬೆರಳು ಗಾತ್ರದ ಉಕ್ಕಿನ ಕಡ್ಡಿ, ಬಹಳ ಕಡೆ 9.5 ಮಿ.ಮೀ. ದಪ್ಪ, ಒಂದು ಮಗ್ಗುಲು ಓರೆಯಾಗಿ ಚಪ್ಪಟೆ. ಆ ಚಪ್ಪಟೆ ಮುಖ ಅಕ್ಸೆಲಿನ ಕಚ್ಚಿಗೆ ಒತ್ತಿ ಕೂತಿರುತ್ತದೆ. ತುದಿಯಲ್ಲಿ ಒಂದು ಸಣ್ಣ ನಟ್ಟು. ಪಿನ್ನನ್ನು ಹಿಡಿದಿರುವುದು ಈ ನಟ್ಟೇ ಎಂದು ಎಷ್ಟೋ ಜನ ಭಾವಿಸುತ್ತಾರೆ. ನಟ್ಟು ನೆಪಕ್ಕೆ. ನಿಜವಾದ ಹಿಡಿತ ಆ ಬೆಣೆಯದು.

ಬೆಣೆಯನ್ನು ಬಿಡಿಸುವ ದಾರಿ ಹಿಂದಿನಿಂದ ಹೊಡೆಯುವುದು. ಇಲ್ಲಿಯೇ ಹತ್ತಕ್ಕೆ ಎಂಟು ಜನ ಕೆಡಿಸಿಕೊಳ್ಳುವುದು. ಸಣ್ಣ ಸುತ್ತಿಗೆಯಲ್ಲಿ ಟುಕ್ ಟುಕ್ ಎಂದು ಹತ್ತಿಪ್ಪತ್ತು ಪೆಟ್ಟು ಹಾಕುತ್ತಾರೆ. ಒಂದೊಂದು ಪೆಟ್ಟಿಗೂ ಪಿನ್ನಿನ ತುದಿ ಅಣಬೆಯ ಕೊಡೆಯಂತೆ ಅರಳುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಅರಳಿದ ತುದಿ ಆ ತೂತಿನಲ್ಲಿ ಇಳಿಯುವುದುಂಟೆ? ಕಾಟರ್ ಪಿನ್ನಿಗೆ ಬೇಕಿರುವುದು ಒಂದು ಪೆಟ್ಟು ಎರಡು ತುಂಡು ಅನ್ನುವಂಥ ಏಟು.

ನಾನು ಮಾಡುವುದು ಹೀಗೆ. ಹಿಂದಿನ ರಾತ್ರಿಯೇ ಪಿನ್ನಿನ ಎರಡೂ ತುದಿಗೆ ಎಣ್ಣೆ. ಬೆಣೆ ಎಣ್ಣೆಗೆ ಬಗ್ಗದಿದ್ದರೂ ಸುತ್ತ ತುಕ್ಕಿರುತ್ತದಲ್ಲ, ಅದಕ್ಕೆ. ಬೆಳಗ್ಗೆ ನಟ್ಟನ್ನು ಸಡಿಲಿಸಿ, ಆದರೆ ಪೂರ್ತಿ ತೆಗೆಯದೆ, ಅದರ ಮೇಲ್ಮೈ ಪಿನ್ನಿನ ತುದಿಗೆ ಸಮ ಬರುವಷ್ಟಕ್ಕೆ ನಿಲ್ಲಿಸುತ್ತೇನೆ. ಏಟು ನಟ್ಟಿನ ಮೇಲೂ ಹಂಚಿಹೋಗುತ್ತದೆ, ಥ್ರೆಡ್ಡು ಅರಳುವುದಿಲ್ಲ. ಕ್ರ್ಯಾಂಕನ್ನು ನಟ್ಟು ಮೇಲೆ ಬರುವಂತೆ ತಿರುಗಿಸಿ, ಕೆಳಗೆ ಒಂದು ದಪ್ಪ ಕಬ್ಬಿಣದ ಪೈಪನ್ನು ನಿಲ್ಲಿಸುತ್ತೇನೆ. ಪೈಪಿನ ಬಾಯಿ ಪಿನ್ನಿನ ತಲೆಗಿಂತ ಸ್ವಲ್ಪ ಅಗಲ ಇರಬೇಕು, ಪಿನ್ನು ಅದರೊಳಗೆ ಇಳಿಯಬೇಕಲ್ಲ. ಪೈಪಿನ ಇನ್ನೊಂದು ತುದಿ ಗಟ್ಟಿ ನೆಲದ ಮೇಲೆ. ಉದ್ದ ಎಷ್ಟಿರಬೇಕೆಂದರೆ ಸೈಕಲ್ಲಿನ ಭಾರ ಕ್ರ್ಯಾಂಕಿನ ಮೂಲಕ ಪೈಪಿನ ಮೇಲೆ ಕೂತಿರಬೇಕು.

ಈ ಪೈಪೇ ಇಡೀ ಕೆಲಸದ ಜೀವಾಳ. ಅದಿಲ್ಲದೆ ಹೊಡೆದರೆ ಏಟಿನ ಅರ್ಧ ಸೈಕಲ್ ಕುಣಿಯುವುದಕ್ಕೆ ಹೋಗುತ್ತದೆ, ಇನ್ನರ್ಧ ಬೇರಿಂಗಿನ ಗುಂಡುಗಳಿಗೆ. ಗುಂಡುಗಳು ತಾವು ಓಡುವ ಹಾದಿಯಲ್ಲಿ ಸಣ್ಣ ಸಣ್ಣ ಗುಳಿ ಒತ್ತುತ್ತವೆ, ಆಮೇಲೆ ಪೆಡಲ್ ತುಳಿದಾಗಲೆಲ್ಲ ಗರಗರ. ಪೈಪು ಇದ್ದರೆ ಏಟು ಪಿನ್ನಿನಿಂದ ನೇರ ನೆಲಕ್ಕೆ. ಒಂದು ಕಿಲೋ ಸುತ್ತಿಗೆ ತೆಗೆದುಕೊಂಡು, ಒಂದೆರಡು ಸಲ ಗುರಿ ನೋಡಿಕೊಂಡು, ನೆಟ್ಟಗೆ ಒಂದು ಏಟು. ಬಿಟ್ಟರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಗಟ್ಟಿ ‘ಠಣ್’ ಹೋಗಿ ಮೊಂಡು ‘ದಬ್’ ಬರುತ್ತದೆ. ಎರಡು ಮೂರು ಏಟಿಗೂ ಅಲುಗದಿದ್ದರೆ ಹೊಡೆಯುವುದನ್ನು ನಿಲ್ಲಿಸಿ.

ಸುತ್ತಿಗೆಗಿಂತ ಒಳ್ಳೆಯ ಉಪಾಯ ಇನ್ನೊಂದಿದೆ. ಮರಗೆಲಸದವರ ಗಟ್ಟಿ ಸಿ-ಕ್ಲಾಂಪು ಇದ್ದರೆ, ಪಿನ್ನಿನ ತಲೆಯ ಕಡೆ ಒಂದು ಸಾಕೆಟ್ ಇಟ್ಟು, ನಟ್ಟಿನ ಕಡೆಯಿಂದ ಕ್ಲಾಂಪಿನ ಸ್ಕ್ರೂ ಬಿಗಿದು ಪಿನ್ನನ್ನು ಸಾಕೆಟ್ಟಿನೊಳಕ್ಕೆ ಒತ್ತುವುದು. ಆದಷ್ಟೂ ಬಿಗಿ ಮಾಡಿ, ಆಮೇಲೆ ಕ್ರ್ಯಾಂಕಿನ ಮಗ್ಗುಲಿಗೆ ಸುತ್ತಿಗೆಯಿಂದ ಒಂದು ತಟ್ಟು. ಒತ್ತಡ ಇರುವಾಗ ಬರುವ ಆ ನಡುಕಕ್ಕೆ ಎಂಥ ಪಿನ್ನೂ ಬಾಯಿ ಬಿಡುತ್ತದೆ. ಪಿನ್ನಿನ ತುದಿ ಆಗಲೇ ಸೊಟ್ಟಗಾಗಿದ್ದರೆ ಹ್ಯಾಕ್ಸಾದಲ್ಲಿ ಅದನ್ನು ಕ್ರ್ಯಾಂಕಿನ ಸಮಕ್ಕೆ ಕೊಯ್ದು, ನಡುವೆ ಡ್ರಿಲ್ ಹಾಕಿ ಟೊಳ್ಳು ಮಾಡಿ, ಪಂಚ್ ಇಟ್ಟು ಹೊಡೆಯಿರಿ. ತೆಗೆದ ಪಿನ್ನನ್ನು ಮತ್ತೆ ಹಾಕುವ ಆಸೆ ಬೇಡ, ಎಷ್ಟೇ ಚೆನ್ನಾಗಿ ಕಂಡರೂ.

ಹೊಸ ಮಾದರಿಯ ಚೌಕ ಅಕ್ಸೆಲಿನ ಕ್ರ್ಯಾಂಕೂ ಬೆಣೆಯೇ, ರೂಪ ಬೇರೆ. ಅದಕ್ಕೆ ಕ್ರ್ಯಾಂಕನ್ನು ಹೊರಗೆಳೆಯುವ ಸಾಧನ, ಅಂದರೆ ಕ್ರ್ಯಾಂಕ್ ಪುಲ್ಲರ್ ಬೇಕು, ಬೇರೆ ದಾರಿ ಹುಡುಕಬೇಡಿ. ಪುಲ್ಲರಿನ ಹೊರ ಭಾಗ ಕ್ರ್ಯಾಂಕಿನ 22 ಮಿ.ಮೀ. ಥ್ರೆಡ್ಡಿಗೆ ಪೂರ್ತಿ ಇಳಿಯಬೇಕು. ಬೋಲ್ಟು ತೆಗೆದವರು ಅದರ ಕೆಳಗಿನ ವಾಷರ್ ತೆಗೆಯಲು ಮರೆಯುತ್ತಾರೆ. ಕಪ್ಪು ಗ್ರೀಸಿನಲ್ಲಿ ಮುಳುಗಿರುವ ಅದು ಕಣ್ಣಿಗೆ ಬೀಳುವುದಿಲ್ಲ. ಪುಲ್ಲರ್ ಅಕ್ಸೆಲನ್ನು ಒತ್ತುವ ಬದಲು ಆ ವಾಷರನ್ನೇ ಒತ್ತುತ್ತದೆ, ವಾಷರ್ ಕ್ರ್ಯಾಂಕಿಗೆ ಒತ್ತಿಕೊಳ್ಳುತ್ತದೆ, ಏನೂ ಅಲುಗುವುದಿಲ್ಲ, ಕೊನೆಗೆ ಅಲ್ಯೂಮಿನಿಯಂ ಥ್ರೆಡ್ಡು ಸುರುಳಿ ಸುರುಳಿಯಾಗಿ ಕಿತ್ತುಬರುತ್ತದೆ. ಹಾಗೆ ಕಿತ್ತುಹೋಗಿದ್ದರೂ ಒಂದು ದಾರಿ ಉಂಟು. ಬೋಲ್ಟಿಲ್ಲದೆ, ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ನಿಧಾನವಾಗಿ ಸ್ವಲ್ಪ ದೂರ ತುಳಿಯಿರಿ, ಕ್ರ್ಯಾಂಕು ತಾನೇ ಸಡಿಲವಾಗುತ್ತದೆ.

ಹ್ಯಾಂಡಲ್ಲಿನ ಕಾಂಡ

ಹಳೆಯ ಹ್ಯಾಂಡಲ್ ಕಾಂಡ ಹಿಡಿಯುವುದೂ ಬೆಣೆಯಿಂದಲೇ. ಮೇಲಿನ ಉದ್ದನೆಯ ಬೋಲ್ಟು ಒಳಗೆ ಒಂದು ಓರೆ ಗಟ್ಟಿಯನ್ನು ಮೇಲಕ್ಕೆ ಎಳೆದಿರುತ್ತದೆ. ಬೋಲ್ಟನ್ನು ಪೂರ್ತಿ ಬಿಚ್ಚಿ ತೆಗೆದು, ಹ್ಯಾಂಡಲ್ ಯಾಕೆ ಬರುತ್ತಿಲ್ಲ ಎಂದು ಎಳೆದಾಡುವವರೇ ಹೆಚ್ಚು. ಮೂರು ನಾಲ್ಕು ಸುತ್ತು ಸಡಿಲಿಸಿ ನಿಲ್ಲಿ, ಬೋಲ್ಟಿನ ತಲೆ ಆಗ ಕೆಲವು ಮಿಲಿಮೀಟರ್ ಮೇಲೆದ್ದಿರುತ್ತದೆ. ಅದರ ಮೇಲೊಂದು ಮರದ ತುಂಡಿಟ್ಟು ಹೊಡೆಯಿರಿ, ಬೆಣೆ ಕೆಳಗೆ ಬೀಳುತ್ತದೆ. ಆಮೇಲೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ತಿರುಚಿ.

ಫ್ರೀವೀಲು ಮತ್ತು ನಡುವಿನ ಬೇರಿಂಗ್ ಕಪ್ಪು

ಫ್ರೀವೀಲು ಪೆಡಲ್ಲಿನ ಅಣ್ಣ. ಪ್ರತಿ ಸಲ ತುಳಿದಾಗಲೂ ಬಿಗಿಯುತ್ತಲೇ ಹೋಗಿರುತ್ತದೆ. ಅದರ ಹಲ್ಲಿಗೆ ಹೊಂದುವ ರಿಮೂವರ್ ಬೇಕು, ಮಾದರಿಗಳು ಹಲವು. ರಿಮೂವರ್ ಹಾಕಿ, ಅದು ಜಾರದಂತೆ ಚಕ್ರದ ಅಕ್ಸೆಲ್ ನಟ್ಟನ್ನು ಮೇಲಿನಿಂದ ಬಿಗಿದು, ರಿಮೂವರನ್ನು ವೈಸಿಗೆ (ಮೇಜಿಗೆ ಬಿಗಿದ ದೊಡ್ಡ ಹಿಡಿಕಕ್ಕೆ) ಕಚ್ಚಿಸಿ ಚಕ್ರವನ್ನೇ ಸ್ಟೀರಿಂಗಿನ ಹಾಗೆ ಅಪ್ರದಕ್ಷಿಣೆ ತಿರುಗಿಸಿ. ಇಡೀ ಚಕ್ರವೇ ಹಿಡಿಯಾದ ಮೇಲೆ ಇನ್ನೇನು ಬೇಕು! ಕಾಲು ಸುತ್ತು ತಿರುಗಿದ ಕೂಡಲೇ ನಿಲ್ಲಿಸಿ ಅಕ್ಸೆಲ್ ನಟ್ಟು ಸಡಿಲಿಸಿ. ಇಲ್ಲದಿದ್ದರೆ ಹೊರಬರುವ ಫ್ರೀವೀಲು ಆ ನಟ್ಟನ್ನೇ ಒತ್ತಿ ಅಕ್ಸೆಲ್ ಕೆಡಿಸುತ್ತದೆ. ಹಳೆಯ ರಿಮ್ಮು ಬಿಸಾಡಿ ಹಬ್ ಉಳಿಸಿಕೊಳ್ಳುವ ಯೋಚನೆ ಇದ್ದರೆ ಸ್ಪೋಕ್ ಕತ್ತರಿಸುವ ಮೊದಲೇ ಫ್ರೀವೀಲು ತೆಗೆಯಿರಿ. ಸ್ಪೋಕು ಹೋದ ಮೇಲೆ ಉಳಿಯುವುದು ಹಿಡಿಯೇ ಇಲ್ಲದ ಒಂದು ಹಬ್ಬು.

ಕ್ರ್ಯಾಂಕ್ ಅಕ್ಸೆಲಿನ ಬಲಗಡೆಯ ಕಪ್ಪು, ಅಂದರೆ ಬೇರಿಂಗ್ ಗುಂಡುಗಳು ಕೂರುವ ಬಟ್ಟಲು, ಮತ್ತೆ ದಿಕ್ಕಿನ ಜಗಳ. ಹೆಚ್ಚಿನ ಸೈಕಲ್ಲುಗಳಲ್ಲಿರುವ ಇಂಗ್ಲಿಷ್ ಅಳತೆಯಲ್ಲಿ ಅದು ಎಡ ಥ್ರೆಡ್ಡಿನದು, ಪ್ರದಕ್ಷಿಣೆ ತಿರುಗಿಸಿದರೆ ಬಿಚ್ಚುತ್ತದೆ. ಇಟಲಿ ಅಳತೆಯ ಸೈಕಲ್ಲುಗಳಲ್ಲಿ ಎರಡೂ ಕಡೆ ಬಲ ಥ್ರೆಡ್ಡು. ಆ ಕಪ್ಪಿಗೆ ಸ್ಪ್ಯಾನರ್ ಹಿಡಿಯುವ ಅಂಚು ಎರಡು ಮೂರು ಮಿಲಿಮೀಟರ್ ಮಾತ್ರ, ಹಾಗಾಗಿ ಜಾರುವುದು ಖಂಡಿತ. ಎಡ ಥ್ರೆಡ್ಡಿಗೆ ಒಂದು ಸೊಗಸಾದ ಉಪಾಯ ಇದೆ. ಕಪ್ಪಿನ ನಡುತೂತಿನಲ್ಲಿ ಹೋಗುವ ದಪ್ಪ ಬೋಲ್ಟು, ಕಪ್ಪಿನ ಒಳಗೊಂದು ಹೊರಗೊಂದು ದಪ್ಪ ವಾಷರು, ಒಂದು ನಟ್ಟು. ಬೋಲ್ಟಿನ ತಲೆ ಹೊರಗೆ ಬರುವಂತೆ ಹಾಕಿ, ಒಳಗಿನ ನಟ್ಟನ್ನು ಎಡಗಡೆಯ ತೂತಿನಿಂದ ಸಾಕೆಟ್ಟಿನಲ್ಲಿ ಹಿಡಿದು, ಬೋಲ್ಟನ್ನು ಪ್ರದಕ್ಷಿಣೆ ಬಿಗಿಯುತ್ತ ಹೋಗಿ. ಬಿಗಿದು ಬಿಗಿದು ವಾಷರುಗಳು ಕಪ್ಪನ್ನು ಗಟ್ಟಿಯಾಗಿ ಅವುಚಿಕೊಳ್ಳುತ್ತವೆ. ಇನ್ನು ಬಿಗಿಯಲಾಗದು ಎನ್ನುವ ಹೊತ್ತಿಗೆ ಒಳಗಿನ ನಟ್ಟನ್ನು ಬಿಟ್ಟು ತಿರುಗಿಸಿದರೆ ಕಪ್ಪೇ ತಿರುಗಲು ಶುರು. ಬಿಗಿಯುವ ದಿಕ್ಕೂ ಕಪ್ಪು ಬಿಚ್ಚುವ ದಿಕ್ಕೂ ಒಂದೇ ಆದದ್ದರಿಂದ, ಹೆಚ್ಚು ಬಲ ಹಾಕಿದಷ್ಟೂ ಹಿಡಿತ ಹೆಚ್ಚುತ್ತದೆ. ಮೊದಲ ಸಲ ಇದು ಕೆಲಸ ಮಾಡಿದಾಗ ನಾನು ಒಬ್ಬನೇ ಕೂತು ನಕ್ಕಿದ್ದೆ.

ಮೂಲೆ ಸವೆದುಹೋದವುಗಳಿಗೆ

ಸವೆದ ನಟ್ಟಿಗೆ ಅರದಿಂದ ಎರಡು ಎದುರುಬದುರು ಮುಖ ಉಜ್ಜಿ ಒಂದು ಅಳತೆ ಚಿಕ್ಕ ಸ್ಪ್ಯಾನರ್ ಕೂರಿಸಬಹುದು. ಗುಳಿ ಸವೆದ ಅಲೆನ್ ಬೋಲ್ಟಿಗೆ ಸ್ವಲ್ಪ ದೊಡ್ಡದೆನಿಸುವ ನಕ್ಷತ್ರಾಕಾರದ ಬಿಟ್ಟನ್ನು ಸುತ್ತಿಗೆಯಿಂದ ಬಡಿದು ಇಳಿಸಿ ತಿರುಗಿಸಿ. ಎರಡೂ ಆಗದಿದ್ದರೆ ಬೋಲ್ಟಿನ ತಲೆಗೆ ಹ್ಯಾಕ್ಸಾದಿಂದ ಗೀರು ಹಾಕಿ ದೊಡ್ಡ ಸ್ಕ್ರೂಡ್ರೈವರ್. ಅದೂ ಆಗದಿದ್ದರೆ ತಲೆಯನ್ನೇ ಕೊಯ್ದುಹಾಕಿ. ತಲೆ ಹೋದ ಮೇಲೆ ಬೋಲ್ಟಿನ ಎಳೆತ ಹೋಗುತ್ತದೆ, ಉಳಿದ ಮೋಟು ಎಷ್ಟೋ ಸಲ ಇಕ್ಕಳಕ್ಕೇ ಬರುತ್ತದೆ.

ಸೀಟ್ ಪಿಲ್ಲರ್

ಈಗ ಆ ಬಿಳಿ ಗಾರೆಯ ವಿಷಯ. ಇಲ್ಲಿ ಥ್ರೆಡ್ಡಿಲ್ಲ, ಬೆಣೆಯಿಲ್ಲ, ಬರೀ ಕೊಳವೆಯೊಳಗೆ ಕೊಳವೆ. ಆದರೆ ಹತ್ತು ಹದಿನೈದು ಸೆಂಟಿಮೀಟರ್ ಉದ್ದಕ್ಕೂ ಸುತ್ತ ಕಚ್ಚಿಕೊಂಡಿರುತ್ತದೆ.

ಕ್ಲಾಂಪ್ ಬೋಲ್ಟನ್ನು ಪೂರ್ತಿ ತೆಗೆದು, ಫ್ರೇಮಿನ ಸೀಳನ್ನು ಸ್ಕ್ರೂಡ್ರೈವರಿನಿಂದ ಕೂದಲಷ್ಟು ಅಗಲಿಸಿ. ಮೇಲಿನಿಂದ ಎಣ್ಣೆ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಕೆಳಗಿನಿಂದ ಬಿಡಬೇಕು. ಸೈಕಲ್ ತಲೆಕೆಳಗೆ ಮಾಡಿ, ನಡುವಿನ ಅಕ್ಸೆಲ್ ಆಗಲೇ ತೆಗೆದಿದ್ದರೆ ಅಲ್ಲಿಂದ, ಇಲ್ಲವೇ ಬಾಟಲಿ ಹಿಡಿಕೆಯ ಬೋಲ್ಟು ತೆಗೆದ ತೂತಿನಿಂದ ಸೀಟಿನ ಕೊಳವೆಗೆ ಎಣ್ಣೆ ಇಳಿಸಿ. ಒಂದೆರಡು ದಿನ ಹಾಗೇ ಇರಲಿ.

ಬಿಸಿ ಮಾಡಬೇಕೋ ತಣ್ಣಗೆ ಮಾಡಬೇಕೋ? ಇಲ್ಲಿ ಲೆಕ್ಕ ಬೇಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹತ್ತಿರ ಹಿಗ್ಗುತ್ತದೆ. ಒಳಗಿರುವುದು ಅಲ್ಯೂಮಿನಿಯಂ, ಹೊರಗಿರುವುದು ಉಕ್ಕು ಎಂದಾದರೆ ಬಿಸಿ ಮಾಡಿದಷ್ಟೂ ಇನ್ನೂ ಬಿಗಿ. ತಣ್ಣಗೆ ಮಾಡಿದರೆ ಒಳಗಿನದು ಹೆಚ್ಚು ಕುಗ್ಗುತ್ತದೆ. 27.2 ಮಿ.ಮೀ. ಪಿಲ್ಲರನ್ನೂ ಫ್ರೇಮನ್ನೂ 50 ಡಿಗ್ರಿ ತಣ್ಣಗಾಗಿಸಿದರೆ ಇಬ್ಬರ ನಡುವೆ ಬೀಳುವ ಅಂತರ ಸುಮಾರು 0.015 ಮಿ.ಮೀ., ಕೂದಲಿನ ಕಾಲು ಭಾಗದಷ್ಟೂ ಇಲ್ಲ. ಗಾರೆ ಬಿರುಕು ಬಿಡಲು ಕೆಲವೊಮ್ಮೆ ಅಷ್ಟೇ ಸಾಕು. ಪಿಲ್ಲರ್ ಟೊಳ್ಳಾಗಿದ್ದರೆ ಅದರೊಳಗೆ ಐಸ್ ತುಂಬುವುದು ಸುಲಭದ ದಾರಿ, ಒಳಗಿನದು ಮಾತ್ರ ತಣ್ಣಗಾಗುವುದರಿಂದ ಲಾಭ ಇನ್ನೂ ಹೆಚ್ಚು. ಫ್ರೇಮು ಅಲ್ಯೂಮಿನಿಯಮ್ಮಿನದು, ಪಿಲ್ಲರ್ ಉಕ್ಕಿನದು ಎಂದಾದರೆ ಎಲ್ಲ ಉಲ್ಟಾ, ಆಗ ಫ್ರೇಮಿಗೆ ಕುದಿಯುವ ನೀರು. ಕಾರ್ಬನ್ ಇದ್ದಲ್ಲಿ ಬಿಸಿಯ ಮಾತೇ ಬೇಡ. ಎಣ್ಣೆ ಸವರಿದ ಜಾಗಕ್ಕೆ ಬೆಂಕಿ ಹಿಡಿಯುವವರಿಗೆ ನಾನೇನೂ ಹೇಳಲಾರೆ.

ಆಮೇಲೆ ತಿರುಚುವುದು. ಮೇಲಕ್ಕೆ ಎಳೆಯಬೇಡಿ, ಮೊದಲು ತಿರುಗಲಿ. ಹಳೆಯ ಸೀಟೊಂದನ್ನು ಪಿಲ್ಲರಿಗೆ ಬಿಗಿದು ಅದನ್ನೇ ಹಿಡಿ ಮಾಡಿಕೊಂಡು ನೋಡಿ. ಸೀಟು ಜಾರುತ್ತಿದ್ದರೆ, ಪಿಲ್ಲರಿನ ಆಸೆ ಬಿಟ್ಟಾಗಿದೆ ಎಂದಾದರೆ, ಅದರ ತಲೆಯನ್ನು ದೊಡ್ಡ ವೈಸಿಗೆ ಕಚ್ಚಿಸಿ ಚಕ್ರ ಬಿಚ್ಚಿದ ಫ್ರೇಮನ್ನೇ ತಿರುಗಿಸಿ. ಫ್ರೇಮು ಮೀಟರ್ ಉದ್ದದ ಹಿಡಿಯಾಗುತ್ತದೆ. ಹಿಂದಿನ ತೆಳು ಕೊಳವೆಗಳನ್ನು ಹಿಡಿದು ಜಗ್ಗಿದರೆ ಅವು ಬಾಗುತ್ತವೆ. ಹ್ಯಾಂಡಲ್ ಕಡೆಯ ದಪ್ಪ ಕೊಳವೆಯನ್ನು ಹಿಡಿದು ಸಮನಾಗಿ ಬಲ ಕೊಡಿ. ಬಿಡುವಾಗ ಕಿರ್ರ್ ಎಂಬ ಸದ್ದು ಬರುತ್ತದೆ, ಬಾಗಿಲು ಕಿರುಗುಟ್ಟಿದ ಹಾಗೆ. ಅದು ಕೇಳಿಸಿತೋ ಮತ್ತೆ ಎಣ್ಣೆ, ಹಿಂದೆ ಮುಂದೆ.

ಅದಕ್ಕೂ ಜಗ್ಗದಿದ್ದರೆ ಹ್ಯಾಕ್ಸಾ ಬ್ಲೇಡು. ಪಿಲ್ಲರನ್ನು ಫ್ರೇಮಿಗಿಂತ ಎರಡು ಬೆರಳು ಮೇಲೆ ಕೊಯ್ದು, ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಟೊಳ್ಳಿನೊಳಗಿಂದ ಉದ್ದಕ್ಕೆ ಸೀಳಬೇಕು. ಬ್ಲೇಡಿನ ಹಲ್ಲು ಎಳೆಯುವಾಗ ಕಚ್ಚುವಂತೆ ಹಾಕಿಕೊಳ್ಳಿ. ಅಲ್ಯೂಮಿನಿಯಂ ಕೊಯ್ಯುವಾಗ ಪುಡಿ ಬೆಳ್ಳಗೆ ಹೊಳೆಯುತ್ತದೆ, ಬ್ಲೇಡು ಸಲೀಸಾಗಿ ಓಡುತ್ತದೆ. ಉಕ್ಕಿಗೆ ತಾಗಿದ ಕೂಡಲೇ ಕೈಗೆ ಗಡುಸು ತಿಳಿಯುತ್ತದೆ, ಪುಡಿ ಕಪ್ಪಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಇಲ್ಲದಿದ್ದರೆ ಕೊಯ್ಯುತ್ತಿರುವುದು ಫ್ರೇಮನ್ನು. ಎರಡು ಬೆರಳು ಅಂತರದಲ್ಲಿ ಇನ್ನೊಂದು ಸೀಳು ಹಾಕಿ, ನಡುವಿನ ಪಟ್ಟಿಯನ್ನು ಇಕ್ಕಳದಿಂದ ಒಳಕ್ಕೆ ಮಡಚಿ ಕಿತ್ತರೆ ಉಳಿದದ್ದು ಒಳಗೆ ಕುಸಿಯುತ್ತದೆ. ಕಾಸ್ಟಿಕ್ ಸೋಡಾ ಸುರಿದು ಅಲ್ಯೂಮಿನಿಯಮ್ಮನ್ನೇ ಕರಗಿಸುವವರೂ ಇದ್ದಾರೆ. ಉಕ್ಕಿನ ಫ್ರೇಮಿಗೆ ಅದರಿಂದ ಏನೂ ಆಗುವುದಿಲ್ಲ, ನಿಜ. ಆದರೆ ಅದು ಕುದಿದು ಉಕ್ಕುತ್ತದೆ, ಬೆಂಕಿ ಹೊತ್ತುವ ಹೈಡ್ರೋಜನ್ ಬಿಡುತ್ತದೆ, ಪೇಂಟು ಕೀಳುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ನಾನು ಹ್ಯಾಕ್ಸಾವನ್ನೇ ಆರಿಸಿಕೊಳ್ಳುತ್ತೇನೆ.

ಹಿಂದೊಮ್ಮೆ ಹೀಗೆ ಕೊಯ್ದು ತೆಗೆದ ಪಿಲ್ಲರಿನ ಒಂದು ಪಟ್ಟಿ ಇನ್ನೂ ನನ್ನ ಟೂಲ್ ಡಬ್ಬಿಯಲ್ಲಿದೆ. ಮೇಲಿನ ಅರ್ಧ ಹೊಸದರಂತೆ ಹೊಳೆಯುತ್ತದೆ. ಫ್ರೇಮಿನೊಳಗಿದ್ದ ಅರ್ಧ ಸುಣ್ಣ ಬಳಿದ ಗೋಡೆಯ ಹಾಗೆ ಉಬ್ಬಿ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಅದೇ ಫ್ರೇಮಿಗೆ ಹೊಸ ಪಿಲ್ಲರ್ ಹಾಕುವ ಮುಂಚೆ ಕೊಳವೆಯೊಳಗೆ ಬೆರಳು ಸುತ್ತಿ ಗ್ರೀಸು ಸವರಿದೆ. ಈಗ ಆರು ತಿಂಗಳಿಗೊಮ್ಮೆ ಅದನ್ನು ಒಂದು ಸಲ ಹೊರಗೆಳೆದು ಒರೆಸಿ ಮತ್ತೆ ಇಳಿಸುತ್ತೇನೆ. ಎರಡು ನಿಮಿಷದ ಕೆಲಸ.